ಮೀಟರ್ ನೋಡುವವನ ಮಗಳು

ಈ ಊರಿನ ಯಾವ ಮನೆಯಲ್ಲಿ ಏನು ಕಲಿಸುತ್ತಾರೆ
ಅಂತ ಕೇಳಿದರೆ ನಾನು ಹೇಳಬಲ್ಲೆ.
ಕಾಂಪೌಂಡಿಗೆ ಒರಗಿ ಹನ್ನೊಂದು ವರ್ಷ
ನೋಡಿದ್ದು ಮೀಟರು, ಕೇಳಿಸಿಕೊಂಡದ್ದು ಬೇರೆ:
ಸತ್ಯನಾರಾಯಣಪೇಟೆಯ ಓಣಿಯಲ್ಲಿ
ಕೋಲು ತಟ್ಟುವ ತೈಯಾ ತೈ,
ಪಾರ್ವತಿನಗರದ ಮಹಡಿಯಲ್ಲಿ ಕೀಬೋರ್ಡು,
ಒಂದೇ ಸಾಲು, ಅದೇ ತಪ್ಪು, ಆರು ತಿಂಗಳಿಂದ.

ಆದರೂ ಮಾರೆಕ್ಕ
"ಹುಲಿಗೆಮ್ಮನ್ನ ಎಲ್ಲಿಗೆ ಸೇರ್ಸಾಣ?
ಶನಿವಾರ ಐತಾರ ಮನೆ ತುಂಬ ಕುಣೀತಾಳೆ,
ಪಾತ್ರೆ ಸೈತ ಬಿಡಂಗಿಲ್ಲ" ಅಂದ ರಾತ್ರಿ
ಒಂದು ಅಡ್ರೆಸ್ಸೂ ಹೊಳೆಯಲಿಲ್ಲ.

ಹೊಸಪೇಟೆ ರೋಡಿನ ಗಾಜಿನ ಕಟ್ಟಡಕ್ಕೆ ಮೊದಲು ಹೋದೆವು.
ಕಮರ್ಷಿಯಲ್ ಕನೆಕ್ಷನ್, ತಿಂಗಳಿಗೆ ಎರಡು ಸಾವಿರದ ಮೇಲೆ ಯೂನಿಟ್.
ಗೋಡೆಗೆ ಗೋಡೆಯಷ್ಟೇ ಕನ್ನಡಿ.
ಫಾರಂ ತುಂಬುತ್ತಿದ್ದ ಹುಡುಗಿ
"ಹೆಸ್ರು ಸ್ವಲ್ಪ ಹಳೇದಾಯ್ತಲ್ಲ ಅಂಕಲ್,
ಸ್ಟೇಜಿಗೆ ಹ್ಯಾಪಿ ಅಂತ ಇಡೋಣ್ವಾ?" ಅಂದಳು.
ಹುಲಿಗೆಮ್ಮ ನನ್ನ ಮುಖ ನೋಡಿದಳು.
ಅದು ನಮ್ಮವ್ವನ ಹೆಸರು,
ಓದು ಬಾರದ ಅವ್ವ ಬರೆಯಲು ಕಲಿತ ಒಂದೇ ಪದ.
ಮೂರು ತಿಂಗಳ ಫೀಜು ಮುಂಗಡ, ಡ್ರೆಸ್ಸಿನದು ಬೇರೆ.
ಕನ್ನಡಿಯೊಳಗೆ ನನ್ನ ಖಾಕಿ ಚೀಲ ನಾಲ್ಕು ಕಡೆ ಕಂಡಿತು.
ಇಳಿದು ಬಂದೆವು.

ಸತ್ಯನಾರಾಯಣಪೇಟೆಯ ಟೀಚರು ಒಳ್ಳೆಯವರು.
ಮಜ್ಜಿಗೆ ಕೊಟ್ಟರು, ಹುಡುಗಿಯ ಪಾದ ಹಿಡಿದು ನೋಡಿದರು.
"ಎರಡು ವರ್ಷ ಬರೀ ಅಡವು" ಅಂದರು.
"ಎರಡು ವರ್ಷ ಮಾತಾಡಂಗಿಲ್ಲಾ?" ಅಂದಳು ಇವಳು.

ವನ್ನೂರಸಾಬ್ ಮೇಷ್ಟ್ರ ನಾಟಕದ ಕ್ಲಾಸು
ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.
ಬ್ರೂಸ್‌ಪೇಟೆಯ ಹತ್ತಿ ಗೋದಾಮಿನ ಹಿಂದೆ ತಗಡಿನ ಶೆಡ್ಡು,
ಒಂದು ಫ್ಯಾನು, ಎರಡು ಟ್ಯೂಬ್‌ಲೈಟು, ಹದಿನಾಲ್ಕು ಯೂನಿಟ್ಟು.
ಮೀಟರೇ ಕೆಟ್ಟಿದೆಯೇನೋ ಅಂತ ಒಮ್ಮೆ ನಾನೇ ಬರೆದು ಕೊಟ್ಟಿದ್ದೆ.
ಆ ಶನಿವಾರ ಅದೇ ಬೀದಿಯ ಡ್ಯೂಟಿ.
ಸ್ಕೂಲು ಅರ್ಧ ದಿನ, ಮಾರೆಕ್ಕ ಜೀನ್ಸ್ ಹೊಲಿಯಲು ಹೋಗಿದ್ದಳು,
ಬೈಕಿನ ಹಿಂದೆ ಹುಲಿಗೆಮ್ಮ.
"ಬಿಸ್ಲಾಗೆ ಯಾಕಪ್ಪಾ ಕೂಸನ್ನ ನಿಲ್ಸೀಯ, ಒಳಕ್ಕೆ ಕಳ್ಸು"
ಅಂದರು ಮೇಷ್ಟ್ರು. ಕಳಿಸಿದೆ.

ನಾನು ಹೊರಗೆ ಮೀಟರಿನ ಗಾಜು ಒರೆಸುತ್ತಿದ್ದೆ.
ಅದಿರಿನ ಕೆಂಪು ಧೂಳು,
ಉಗುಳು ಹಚ್ಚಿದರೇ ಬಿಡುವುದು.
ಒಳಗಿಂದ ಕೇಳಿಸಿತು:
"ದಿನಾ ಕಾಣೋರು ಒಬ್ರನ್ನ ಮಾಡಿ ತೋರ್ಸವ್ವ."

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ ಯಾರೋ ಗೇಟು ತಟ್ಟಿದರು,
ಕೀಲಿಯಿಂದ, ಎರಡು ಸಲ.
"ಮೀಟ...ರ್!"
ನಾಯಿ ಬೊಗಳಿತು. ಅವಳೇ ನಾಯಿ.
"ಹೋದ್ ತಿಂಗ್ಳು ಇಷ್ಟು ಬಂದಿದ್ದಿಲ್ಲಲ್ಲ" ಅಂತ
ಒಬ್ಬ ಅಮ್ಮ ಜಗಳಕ್ಕೆ ಬಂದಳು. ಅವಳೇ ಅಮ್ಮ.
"ನಾ ಬರೇ ನೋಡಾವ್ನಮ್ಮ, ಉರಿಸಾವ್ರು ನೀವು."
ಅದು ನನ್ನ ಮಾತು. ಕೊನೆಗೆ ದನಿ ಇಳಿಯುವುದೂ ನನ್ನದೇ,
ಬೈಸಿಕೊಂಡವನು ನಗಲು ನೋಡುವಾಗಿನದು.
ಬಿಲ್ಲು ಹರಿದ ಸದ್ದು ನಾಲಿಗೆಯಲ್ಲಿ.
ಆಮೇಲೆ ಏನೂ ಇಲ್ಲ.

ತಗಡಿನ ತೂತಿಗೆ ಕಣ್ಣಿಟ್ಟೆ.
ನೀರು ಕುಡಿಯುತ್ತಿದ್ದಳು,
ಯಾರದೋ ಅಂಗಳದ ನಲ್ಲಿಗೆ ಬೊಗಸೆಯೊಡ್ಡಿ,
ಕೇಳದೆ, ಅತ್ತಿತ್ತ ನೋಡಿ, ಗಬಗಬ,
ಮುಂಗೈಯಿಂದ ಮೀಸೆ ಒರೆಸಿಕೊಂಡು.
ಮಕ್ಕಳು ನಕ್ಕರು, ಆಮೇಲೆ ನಗಲಿಲ್ಲ.
ಅದನ್ನು ಅವಳು ಯಾವಾಗ ನೋಡಿದಳು?

ಐತಾರ ಹನ್ನೊಂದಕ್ಕೆ ಗಣಿತದ ಟ್ಯೂಷನ್ ಇದೆ,
ಅದಕ್ಕೇನು ಮಾಡುವುದೋ ಇನ್ನೂ ಗೊತ್ತಿಲ್ಲ.
ಶೆಡ್ಡಿಗೆ ಬಾತ್‌ರೂಮಿಲ್ಲ, ಗೋದಾಮಿನವರನ್ನು ಕೇಳಬೇಕು.
ತಿಂಗಳಿಗೆ ಮುನ್ನೂರು, "ಆದಾಗ ಕೊಡಪ್ಪ" ಅಂದರು.
ಮಾರೆಕ್ಕ "ನಾಟಕಾನಾ?" ಅಂದು ಸುಮ್ಮನಾದಳು.
ದೀಪ ಆರಿಸಿದ ಮೇಲೆ
"ನನ್ನೂ ಮಾಡ್ತಾಳಾ?" ಅಂದಳು.

ಆ ಶೆಡ್ಡಿನ ರೀಡಿಂಗು ಬರೆಯುವುದನ್ನೇ ಮರೆತು ಬಂದಿದ್ದೆ.
ಸೋಮವಾರ ಮತ್ತೆ ಹೋದೆ, ಕೀಲಿಯಿಂದ ಗೇಟು ತಟ್ಟಿದೆ.
ಕೂಗಲು ಬಾಯಿ ತೆರೆದವನಿಗೆ ನಾಚಿಕೆಯಾಗಿ
ಮೆಲ್ಲಗೆ ಅಂದೆ,
ಮೀಟರ್.