ಅಪಾಯಗಳ ಕೋಷ್ಟಕ

ಬ್ರಸೆಲ್ಸ್ ಗಡಿಯಾರದಲ್ಲಿ ಐದಕ್ಕೆ ಬಾಗಿಲು ಮುಚ್ಚುತ್ತದೆ.
ತಾರ್ತುವಿನಲ್ಲಿ ಆಗ ಆರು; ಕತ್ತಲಾಗಿ ಎರಡು ತಾಸು.

ಲೀವಿಕಾ ಮೂರು ದೇಶಗಳನ್ನು ಒಂದು ಕಡತಕ್ಕೆ ಹೊಲಿಯುತ್ತಿದ್ದಾಳೆ.
ಎವೊರಾದ ಅನ್ಸೆಲ್ಮೊನ ಲೆಕ್ಕದಲ್ಲಿ
ಎಲ್ಲಿಂದಲೋ ಹನ್ನೆರಡು ಯೂರೋ ಹೆಚ್ಚು.
ಕ್ಲೂಜ್‌ನಿಂದ ವಿಯೊರೆಲ್‌ನ ಸಹಿ ಇನ್ನೂ ಬಂದಿಲ್ಲ.

ಉಪಗ್ರಹ, ಬೂಟಿನ ಡಬ್ಬಿಯಷ್ಟು.
ಜೌಗುನೆಲದ ಉಸಿರನ್ನು ಅದು ಮೇಲಿನಿಂದ ಅಳೆಯಬೇಕು—
ವಿಯೊರೆಲ್‌ನ ಎಡಗಾಲಿನ ಬೂಟು ಕೆಸರು ನುಂಗಿದ ಮಧ್ಯಾಹ್ನ
ಮೂವರೂ ನಗುತ್ತ ಆಡಿದ ಮಾತು;
ಈಗ ಎಪ್ಪತ್ತು ಪುಟ.

ಕೊನೆಗೆ ಈ ಕೋಷ್ಟಕ.
ಪಾಲುದಾರರೊಬ್ಬರು ಹಿಂದೆ ಸರಿಯುವ ಸಾಧ್ಯತೆ:
ಹೆಚ್ಚು, ಮಧ್ಯಮ, ಕಡಿಮೆ?
ಮೊನ್ನೆಯ ಕರೆಯಲ್ಲಿ ಅವನು ಕ್ಯಾಮೆರಾ ತೆರೆಯಲಿಲ್ಲ.
ನಡುವೆ ಯಾರೋ ಮಾತ್ರೆಯ ಹೊತ್ತಾಯಿತೆಂದರು.
ಯಾರೂ ಕೇಳಲಿಲ್ಲ.

'ಕಡಿಮೆ' ಎಂದು ಗುರುತು ಹಾಕಿದಳು.
ಪರಿಹಾರದ ಕಾಲಂ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಬಿಡದು.
'ಉಳಿದಿಬ್ಬರು ಹೆಗಲು ಕೊಡುವರು' ಎಂದು ಬರೆದು
ಹೆಗಲನ್ನು ನೋಡಿದಳು, ಅಳಿಸಿದಳು;
'ಕೆಲಸ ಹಂಚಿಕೊಳ್ಳುವರು.'

ಆರಕ್ಕೆ ಒಂಬತ್ತು ನಿಮಿಷವಿದ್ದಾಗ ಸಹಿ ಬಂತು,
ಕೈಯಲ್ಲಿ ಹಾಕಿ ಫೋಟೋ ತೆಗೆದದ್ದು, ಸೊಟ್ಟಗೆ,
ಕಾಗದದಾಚೆ ಆಸ್ಪತ್ರೆಯ ಹೊದಿಕೆಯ ತೆಳುನೀಲಿ.

ಅಂಚು ಕತ್ತರಿಸಿದಳು.
ಕಳಿಸಿದಳು.