ಮೂರು ಗೀಟಿನ ಕೋಲು

ಅಪ್ಪನ ಹೆಸರು ಯಮನಪ್ಪ.
ನಗಬ್ಯಾಡ್ರಿ, ಹಡೆದಾಕಿ ಇಟ್ಟ ಹೆಸರು.
ಮೊದಲ ಮೂರು ಕೂಸು ಮಣ್ಣಿಗಿಟ್ಟಾಕಿ,
ಒಯ್ಯುವವನ ಹೆಸರ ಇಟ್ಟರ
ತನ್ನ ಹೆಸರಿನವನನ್ನ ಬಿಟ್ಟಾನು ಅಂತ.

ಬಿಟ್ಟ. ಎಪ್ಪತ್ತೊಂದು ವರ್ಷ ಬಿಟ್ಟ.
ಹಳೇ ಬಾಗಲಕೋಟ್ಯಾಗ, ಹೊಳಿ ದಂಡಿಗೆ,
ಊರ ಮಂದಿಗೆಲ್ಲ ಕುಣಿ ತೋಡಿದವ ಅಪ್ಪ.
ಜಾಲಿ ಕೋಲಿಗೆ ಮೂರು ಗೀಟು ಕೊರೆದಿದ್ದ.

ಮೊದಲನೇದು ಕುಂಡ್ರುವವರದು.
ಸತ್ತವರ ಅಂಗಾಲಿಗೆ ದಾರ ಹಿಡಿದು
ಒಂಬತ್ತು ಪಾದ ಲೆಕ್ಕ, ಒಳಗೊಂದು ಗೂಡು,
ವಿಭೂತಿ, ಪತ್ರಿ, ಅಂಗೈಯಾಗ ಲಿಂಗ.
"ಇವರಿಗೆ ಹೋಗುವ ದಾರಿ ಅನ್ನೂದಿಲ್ಲ," ಅಂತಿದ್ದ,
"ಹನಿ ಹೊಳ್ಯಾಗ ಬಿದ್ದಮ್ಯಾಲ
ಆ ಹನೀನ್ನ ಎಲ್ಲಿಗಂತ ಕಳಸ್ತೀ?"

ಎರಡನೇದು ಮಗ್ಗಲಾಗುವವರದು, ಮುಖ ಪಡುವಣಕ್ಕ.
ಮಣ್ಣು ಕೊಟ್ಟ ಮಂದಿ ನಲವತ್ತು ಹೆಜ್ಜಿ ದಾಟಿದ್ದೇ ತಡ
ಇಬ್ಬರು ಬರ್ತಾರಂತ,
ಎಬ್ಬಿಸಿ ಕುಂಡ್ರಿಸಿ ಪ್ರಶ್ನೆ ಕೇಳ್ತಾರಂತ.
ಅದಕ್ಕ ಅಪ್ಪ ಒಂದು ಗೇಣು ಹೆಚ್ಚಿಗೆ ತೋಡ್ತಿದ್ದ,
ಉತ್ತರ ಹೇಳುವಾಗ ತಲಿ ಬಡೀಬಾರದು.
ಪಿಂಜಾರ ಕಾಸಿಂಬಿ ಸತ್ತಾಗ ಎರಡು ಗೇಣು:
"ಈಕಿ ಉತ್ತರ ಉದ್ದ ಇರ್ತಾವ."

ಮೂರನೇದು ಪೆಟ್ಟಿಗ್ಯಾಗ ಬರುವವರದು.
ವರ್ಷಕ್ಕ ಒಂದೋ ಎರಡೋ.
ಕಾಲು ಮೂಡಲಕ್ಕ; ಕಹಳಿ ಊದಿದ ಮುಂಜಾನಿ
ಎದ್ದ ಕೂಡಲೇ ಎದುರಿಗೆ ಬೆಳಕು ಇರಬೇಕು.
ನರ್ಸ್ ಕರುಣಾಬಾಯಿಯನ್ನ ಇಳಿಸಿ ಬಂದ ರಾತ್ರಿ
ಅಪ್ಪ ಬಾಗಿಲಾ ಮೆಲ್ಲಕ ಹಾಕಿದ.

ಸುಡುವವರ ಗೊಡವಿ ಅಪ್ಪಗ ಇರಲಿಲ್ಲ.
ಆದಿರಾಜ ಮಾಸ್ತರು ಮಾತ್ರ ನಿಂತು ಚಾಷ್ಟಿ ಮಾಡವರು:
"ಯಮನಪ್ಪಾ, ನೀ ಗುದ್ದಲಿ ಎತ್ತುವಷ್ಟರಾಗ
ಜೀವ ಬ್ಯಾರೆ ಎಲ್ಲೋ ಹುಟ್ಟಿ ಅಳಾಕ ಹತ್ತಿರತೈತಿ."
ಅಂದಿನಿಂದ ಓಣ್ಯಾಗ ಕೂಸು ಅತ್ತರ ಸಾಕು
ಅಪ್ಪ ಬೀಡಿ ಆರಿಸಿ ಕಿವಿಗೊಡ್ತಿದ್ದ:
"ಯಾರೋ ಬಂದ್ರು."

ಒಂದು ಮಾತು ನಾನು ಯಾರಿಗೂ ಹೇಳಿಲ್ಲ.
ಬುತ್ತಿ ಒಯ್ದ ದಿನ ಕಂಡದ್ದು.
ಕುಣಿ ಮುಗಿದ ಮ್ಯಾಲ ಅಪ್ಪ ಒಳಗ ಇಳಿದು
ಕುಂಡ್ರುವ ಕುಣ್ಯಾಗ ಕುಂತು,
ಮಗ್ಗಲಿನ ಕುಣ್ಯಾಗ ಮಗ್ಗಲಾಗಿ,
ಪೆಟ್ಟಿಗಿಯ ಕುಣ್ಯಾಗ ಅಂಗಾತ ಮಲಗಿ
ಒಂದು ಉಸಿರು ಹಿಡಿದು ನೋಡ್ತಿದ್ದ,
ಹೊಸ ಅಂಗಿ ಹಾಕಿ ನೋಡಿದಂಗ.

ಆಮ್ಯಾಲ ಆಲಮಟ್ಟಿ ನೀರು.
ಗ್ವಾಡಿಗೆ ನಂಬರ್ ಬರೆದರು,
ಬಾಗಿಲು ಎಣಿಸಿದರು, ಬೇವಿನ ಗಿಡ ಎಣಿಸಿದರು.
ಅಪ್ಪ ಕ್ಲರ್ಕನ್ನ ಕೇಳಿದ: "ಕೆಳಗಿದ್ದವರದು?"
ಆತ ಫಾರ್ಮು ತಿರುವಿ ಹಿಂದ ನೋಡಿದ, ಮುಂದ ನೋಡಿದ.
ಕಾಲಮ್ಮು ಇರಲಿಲ್ಲ.

ನವನಗರದಾಗ ಅಪ್ಪ ತೀರಿಕೊಂಡ.
ಕುಂಡ್ರಿಸಬೇಕು ಅಂದ ದೊಡ್ಡಪ್ಪ,
ನಮ್ಮ ಮಂದ್ಯಾಗ ಮಲಗಸೂದ ಅಂದ ಸೋದರಮಾವ.
ನಾನು ಅಂಗಾಲಿಗೆ ದಾರ ಹಿಡಿದೆ,
ಗಂಟು ಹಾಕಿ ಕೊಡಾಕ ಹೋದರ
ಜೆಸಿಬಿ ಆಗಲೇ ಬಂದು ಹೋಗಿತ್ತು.
ಅದರ ಕೊಕ್ಕಿಗೆ ಗೀಟು ಎಲ್ಲಿಂದ ಬರಬೇಕು?
ಕುಣಿ ಇದ್ದಂಗ ಅಪ್ಪ ಆದ,
ಅರ್ಧ ಕುಂತಂಗ, ಅರ್ಧ ಒರಗಿದಂಗ.
ದಾರ ನನ್ನ ಸೆರಗಿನಾಗ ಉಳೀತು.

ಈ ವರ್ಷ ಮೇ ತಿಂಗಳಾಗ ನೀರು ಸರೀತು ಅಂದರು.
ಕೋಲು ಹಿಡಕೊಂಡು ಒಬ್ಬಾಕೀನ ಹೋದೆ.
ಅರಲು ಬಿರಿತಿತ್ತು, ಶಂಖದ ಹುಳ ಸತ್ತು ಬಿದ್ದಿದ್ದವು,
ಎಲ್ಲಿ ಯಾರಿದ್ದರು ಅನ್ನೂದು ತಿಳೀಲಿಲ್ಲ.
ಅಂದಾಜಿನ ಮ್ಯಾಲ, ಕಾಸಿಂಬಿಯ ತಲಿದೆಸಿ ಅಂತ,
ದಂಡಿಯಿಂದ ಕೋಲು ಇಳಿಬಿಟ್ಟೆ.

ಎರಡನೇ ಗೀಟಿಗೆ ನೀರು ನಿಂತಿತ್ತು.
ಒಂದೇ ಸಮ ಗುಳ್ಳಿ ಏಳತಿದ್ದವು.
ಮೀನು ಇರಬೇಕು.
ಇಲ್ಲಾ, ಆಕಿ ಇನ್ನೂ
ಉತ್ತರ ಹೇಳಾಕ ಹತ್ತಿರಬೇಕು.