ವಿಚಾರಿಸಿದರೆ ತಿಳಿಸಲಾಗುವುದು

ಶಾಂಗಾನಿಯ ಓಣಿ, ಮೂರನೇ ಮಹಡಿ.
ಕೆಳಗೆ ಕಾಫಿ ಮಾರುವ ಮುದುಕ ವುವಾಯಿ
ಬಟ್ಟಲಿಗೆ ಬಟ್ಟಲು ತಾಗಿಸಿ ಗಿರಾಕಿ ಕರೆಯುತ್ತಾನೆ.
ಮೇಲೆ ನಾನು
ಬಿಳಿಯನ್ನು ಅಳೆಯುತ್ತಾ ಕೂತಿದ್ದೇನೆ.

ಬಿಳಿ ಸಾಲದು ಎಂದಿದ್ದಾಳೆ ಷೆಂಸಾ.
ಹನ್ನೆರಡು ದೋಣಿ, ಎರಡು ಪುಟ್ಟ ವಿಮಾನ,
ದಕ್ಷಿಣದ ಒಂದು ದ್ವೀಪದಲ್ಲಿ ಅರ್ಧ, ಅವಳ ಕಂಪನಿಯದು.
"ಬಡವರ ಪುಟದಲ್ಲಿ ಅಕ್ಷರ ಕಿಕ್ಕಿರಿದಿರುತ್ತವೆ, ಹಾರೂಬ್,
ದಾಲಾದಾಲಾ ಬಸ್ಸಿನ ಹಾಗೆ.
ನಮ್ಮದರಲ್ಲಿ ಒಂದೇ ಮಾತು ಕೂತಿರಲಿ,
ಕಾಲು ಚಾಚಿಕೊಂಡು."

ಸರಿ, ಚಾಚಿಸಿದೆ.
ಗುಂಡಿಯ ಮೇಲೆ 'ಕಾಯ್ದಿರಿಸಿ' ಅಂತಿತ್ತು.
ಅವಸರದ ಮಾತು, ತೆಗೆ ಎಂದಳು.
'ಮಾತಾಡೋಣ' ಅಂತ ಹಾಕಿದೆ.
ಬೆಲೆ ಇದ್ದ ಜಾಗದಲ್ಲಿ:
ವಿಚಾರಿಸಿದರೆ ತಿಳಿಸಲಾಗುವುದು.
ಪುಟದ ನೆತ್ತಿಗೆ ಬೇಕಾದ ಆ ಒಂದು ಸಾಲು ಮಾತ್ರ
ಎಷ್ಟು ಬರೆದರೂ ಅವಳಿಗೆ ಒಪ್ಪಿಗೆಯಿಲ್ಲ.

ನನ್ನ ಅಜ್ಜಿ ಕಾಂಗಾ ಮಾರುತ್ತಿದ್ದಳು.
ಆ ಬಟ್ಟೆಗೆ ಸುತ್ತ ಅಂಚು, ನಡುವೆ ಊರು
(ನಡುವಿನ ಚಿತ್ತಾರಕ್ಕೆ ನಮ್ಮಲ್ಲಿ ಊರು ಅಂತಲೇ ಹೆಸರು),
ಊರಿನ ಕೆಳಗೆ ಒಂದು ಸಾಲು ಮಾತು.
ಹೆಂಗಸರು ಬಣ್ಣ ಆಮೇಲೆ ನೋಡುತ್ತಿದ್ದರು,
ಮೊದಲು ಓದಿಸಿಕೊಳ್ಳುತ್ತಿದ್ದರು.
'ಉಟ್ಟದ್ದು ನಾನು, ಹೊಟ್ಟೆಯುರಿ ನಿನಗೆ.'
ಅದೊಂದು ವಾರದಲ್ಲಿ ಖಾಲಿ. ಜಗಳವಾಡಿದ್ದ
ಅಕ್ಕಪಕ್ಕದ ಮನೆಯವರಿಬ್ಬರೂ ಅದನ್ನೇ ಉಟ್ಟು
ಒಂದೇ ನಲ್ಲಿಗೆ ಬಂದರಂತೆ.
ಪುಟ ಕಟ್ಟುವ ವಿದ್ಯೆ ನಾನು ಕಲಿತದ್ದು ಅಲ್ಲಿ.
ದಾರ್ ಎಸ್ ಸಲಾಮಿನ ಕಾಲೇಜಿಗೆ ಕಟ್ಟಿದ ಫೀಸು ದಂಡ.

ಇನ್ನು ಚಿತ್ರ.
ಪಾಜೆಯ ಕಡಲು, ಇಳಿತದ ಹೊತ್ತು,
ಕಣ್ಣು ಸೋಲುವವರೆಗೂ ಮರಳು, ಮರಳ ತುಂಬ ಗೂಟ,
ಗೂಟದಿಂದ ಗೂಟಕ್ಕೆ ಹಗ್ಗ, ಹಗ್ಗಕ್ಕೆ ಕಡಲಪಾಚಿಯ ಗೊಂಚಲು,
ಬಾಗಿದ ನಾಲ್ಕು ಬೆನ್ನು, ಒಂದರ ಮೇಲೆ ಹಳದಿ ಕಾಂಗಾ.
ಷೆಂಸಾ ಪರದೆಗೆ ಉಗುರು ತಾಗಿಸಿದಳು:
"ಇವೇನು, ಹಲ್ಲಿಗೆ ಸಿಕ್ಕ ನಾರಿನ ಹಾಗೆ?"

ಒಂದೊಂದೇ ಕಿತ್ತೆ. ಇಲ್ಲಿ ಕೀಳುವುದೆಂದರೆ
ಪಕ್ಕದ ನೀರು ಕತ್ತರಿಸಿ ಮೇಲೆ ಹೊದಿಸುವುದು.
ನೂರಾ ನಲವತ್ತು ಗೂಟ, ಎರಡು ರಾತ್ರಿ.
ಬೆನ್ನುಗಳಿಗೆ ಒಂದು ನಿಮಿಷ ಸಾಕಾಯಿತು.
ಒಂದು ನೆರಳನ್ನು ಮರೆತಿದ್ದೆ,
ಯಾರೂ ನಿಂತಿಲ್ಲದ ಕಡೆ ಮಲಗಿತ್ತು.
ಬೆಳಗ್ಗೆ ಎದ್ದು ಅದನ್ನೂ ಒರೆಸಿದೆ.

ಶುಕ್ರವಾರ ಪಾಜೆಗೆ ಹೋದೆ.
ನನ್ನ ಹೆಂಡತಿಯ ಚಿಕ್ಕಮ್ಮ, ಬಿ ಕಿದಾವಾ,
ಹಳದಿ ಸೆರಗು ಸೊಂಟಕ್ಕೆ ಸುತ್ತಿ
ಹಗ್ಗಕ್ಕೆ ಗಂಟು ಹಾಕುತ್ತಿದ್ದಳು, ಬೆರಳು ಉಪ್ಪಿಗೆ ಬಿಳಿಚಿ.
ಫೋನು ಕೊಟ್ಟೆ. ದೂರ ಹಿಡಿದಳು, ಹತ್ತಿರ ಹಿಡಿದಳು.
"ಚೆನ್ನಾಗಿದೆ. ಯಾವ ದೇಶ?"

ನಾನು ಸುಮ್ಮನಿದ್ದೆ.

"ಒಂದು ನರಪಿಳ್ಳೆ ಇಲ್ಲವಲ್ಲ.
ಏನಾದರೂ ಕಾಯಿಲೆ ಬಂದಿತ್ತಾ ಪಾಪ, ಆ ಊರಿಗೆ?
ಹೋಗೋಕೆ ಎಷ್ಟಂತೆ?"
ಓದಿ ಹೇಳಿದೆ: ವಿಚಾರಿಸಿದರೆ ತಿಳಿಸಲಾಗುವುದು.
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.
"ದರಾಜಾನಿ ಸಂತೆಯಲ್ಲಿ ಬೆಲೆ ಕೂಗದವನ ಬುಟ್ಟಿಲಿ ಇರೋದು
ನಿನ್ನೆಯ ಆಕ್ಟೋಪಸ್ ಕಣೋ.
ಮೂಸಿ ನೋಡು."

ಆಮೇಲೆ ಫೋನು ವಾಪಸು ಕೊಟ್ಟು,
ನೀರು ಬರೋ ಹೊತ್ತಾಯಿತು, ಆ ಗೂಟ ಹೊಡಿ ಅಂದಳು.
ಹನ್ನೊಂದು ಹೊಡೆದೆ. ಮೂರು ವಾಲಿದವು.
ಅಂಗೈ ಸುಲಿಯಿತು.

ಸೋಮವಾರ ಪುಟ ಲೋಕಕ್ಕೆ ಹೋಯಿತು,
ಅದೇ ನುಣ್ಣನೆ ಕಡಲು, ಅದೇ 'ಮಾತಾಡೋಣ'.
ನೆತ್ತಿಗೆ ಅಜ್ಜಿಯ ಸಾಲೇ ಒಪ್ಪುತ್ತಿತ್ತು, ಹೇಳಲಿಲ್ಲ.
ಬಿಲ್ಲು ಮಾತ್ರ ಅಂಕಿಯಲ್ಲೇ ಬರೆದೆ,
ಕೊನೆಯ ಸೊನ್ನೆಯವರೆಗೂ, ದಪ್ಪಕ್ಷರದಲ್ಲಿ.
ಓದಿ ಎದ್ದು ನಿಂತಳು ಷೆಂಸಾ,
ಅರ್ಧಕ್ಕೆ ಕೇಳಿದಳು. ನಾನು ಮುಕ್ಕಾಲಿಗೆ ಕೂಗಿದೆ.
ಕೆಳಗೆ ವುವಾಯಿ ಬಟ್ಟಲು ನಿಲ್ಲಿಸಿ
ತಲೆಯೆತ್ತಿ ನೋಡಿದನಂತೆ.